ಜಗಳ ನೀರಿಗಲ್ಲ

ದೇಶಗಳು, ಜನ ಯಾಕೆ ಹೊಡೆದಾಡುತ್ತಾರೆ? ಸಿನಿಮಾ ಗಡಿ ತೋರಿಸುತ್ತೆ, ರಾಜಕಾರಣಿಯ ಭಾಷಣ ಶತ್ರುವನ್ನು. ನಾನು ಮಹಾಡಿನ ಚವದಾರ್ ಕೆರೆ ತೋರಿಸುತ್ತೇನೆ. ಸಾರ್ವಜನಿಕ ಕೆರೆಗಳು ಅಸ್ಪೃಶ್ಯರಿಗೂ ಮುಕ್ತವೆಂದು ಮುಂಬೈ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರರ ಜೊತೆ ನಮ್ಮವರು ಅಲ್ಲಿ ನೀರು ಕುಡಿದರು, ಏಟು ತಿಂದರು. ದನ ಕುಡಿದರೆ ಮೈಲಿಗೆಯಾಗದ ಕೆರೆಯನ್ನು ಸವರ್ಣರು ಸಗಣಿ, ಗಂಜಲ ಹಾಕಿ 'ಶುದ್ಧ' ಮಾಡಿದರು. ಡಿಸೆಂಬರಿನ ಭಾಷಣದಲ್ಲಿ ಬಾಬಾಸಾಹೇಬರು ತಮ್ಮ ಸಭೆಯನ್ನು 1789ರ ಫ್ರೆಂಚ್ ಸಭೆಗೆ ಹೋಲಿಸಿದರು. ಬೇಕಾಗಿದ್ದದ್ದು ನೀರಲ್ಲ, ಸಮಾನತೆ. ಹೈಕೋರ್ಟಿನಲ್ಲಿ ಗೆಲ್ಲಲು 1937 ಆಯಿತು. ಯುದ್ಧಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಕೆಳಗಿದ್ದವನು ಸಮನಾಗಿ ನಿಂತನಲ್ಲ ಅನ್ನೋ ಸಿಟ್ಟನ್ನು ಬಿಟ್ಟು ಜಗಳದ ವಿಮರ್ಶೆ ಮಾಡಲಾಗದು. ಗಡಿಯ ಸಿನಿಮಾಕ್ಕೆ ಚಪ್ಪಾಳೆ ಹೊಡೆಯೋ ಮುಂಚೆ ನಿಮ್ಮೂರ ಬಾವಿ ನೋಡಿ ಬನ್ನಿ.