ಹುಬ್ಬಳ್ಳಿ-ಧಾರವಾಡಕ್ಕೆ ಹೋದಾಗ ಊಟ ಎಲ್ಲಿ, ಯಾವುದು, ಎಷ್ಟು?

ಹುಬ್ಬಳ್ಳಿ ಮತ್ತು ಧಾರವಾಡಗಳು ಹೆಸರಿಗೆ ಎರಡು ಊರುಗಳು. ನಡುವಿನ ಅಂತರ ಸುಮಾರು 20 ಕಿಲೋಮೀಟರು. ಆದರೆ ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉತ್ತರ ಕನ್ನಡಗಳ ಕಡೆಯಿಂದ ಬರುವವರಿಗೆ ಅದು ಒಂದೇ ಪಟ್ಟಣ. ಒಬ್ಬರು ಆಸ್ಪತ್ರೆಗೆ, ಇನ್ನೊಬ್ಬರು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ, ಮತ್ತೊಬ್ಬರು ಮಕ್ಕಳ ಕಾಲೇಜು ಪ್ರವೇಶಕ್ಕೆಂದು ಬಂದು, ಚಿಗರಿ ಬಸ್ಸಿನಲ್ಲಿ ಈ ಊರಿಗೂ ಆ ಊರಿಗೂ ತಿರುಗುತ್ತಾರೆ. ಇವರಲ್ಲಿ ಬಹುಮಂದಿ ವಯಸ್ಸಾದವರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಮ್ಲಪಿತ್ತಗಳಲ್ಲಿ ಒಂದನ್ನಾದರೂ ಜೊತೆಗೆ ಇಟ್ಟುಕೊಂಡವರು. ಅವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಡಾಕ್ಟರ್ರೀ, ಹೊರಗಿಂದು ಏನೂ ತಿನ್ನಬ್ಯಾಡ್ರಿ ಅಂತೀರಿ. ದವಾಖಾನ್ಯಾಗ ನಾಕು ದಿನ ಇರೋರು ಏನ್ ಉಣ್ಣಬೇಕ್ರಿ?"

ಪ್ರಶ್ನೆ ನ್ಯಾಯವಾದದ್ದು. ಹೊರಗಿನ ಊಟವನ್ನೆಲ್ಲ ಒಟ್ಟಾಗಿ ನಿಷೇಧಿಸುವ ವೈದ್ಯರ ಮಾತನ್ನು ಶ್ರದ್ಧೆಯಿಂದ ಪಾಲಿಸಿದವರು ದಿನವಿಡೀ ಚಹಾ-ಬಿಸ್ಕತ್ತಿನ ಮೇಲೆ ಕಳೆದು, ರಾತ್ರಿ ಹತ್ತಕ್ಕೆ ಹಸಿವು ತಾಳಲಾರದೆ ಸಿಕ್ಕಿದ್ದನ್ನು ಸಿಕ್ಕಷ್ಟು ಉಣ್ಣುತ್ತಾರೆ. ಶಾಸ್ತ್ರದಲ್ಲಿ ಇದಕ್ಕೆ ವಿಷಮಾಶನವೆಂದು ಹೆಸರು: ಹೊತ್ತಲ್ಲದ ಹೊತ್ತಿನಲ್ಲಿ, ಹೆಚ್ಚಾಗಿಯೋ ಕಡಿಮೆಯಾಗಿಯೋ ಉಣ್ಣುವುದು. ಅದರಿಂದಾಗುವ ಕೆಡುಕು ಖಾನಾವಳಿಯಲ್ಲಿ ಹೊತ್ತಿಗೆ ಸರಿಯಾಗಿ ಉಂಡ ಎರಡು ರೊಟ್ಟಿಯಿಂದ ಆಗುವುದಿಲ್ಲ. ಚರಕಸಂಹಿತೆಯು ಆಹಾರವನ್ನು ಅಳೆಯಲು ಎಂಟು ಅಂಶಗಳನ್ನು ಹೇಳಿದೆ. ಪದಾರ್ಥದ ಸ್ವಭಾವ, ಮಾಡಿದ ಬಗೆ, ಯಾವುದರೊಡನೆ ಕೂಡಿಸಿದೆ, ಎಷ್ಟು, ಯಾವ ಪ್ರದೇಶ, ಯಾವ ಕಾಲ, ಉಣ್ಣುವ ನಿಯಮ, ಕೊನೆಗೆ ಉಣ್ಣುವವನು ಯಾರು ಎಂಬುದು. ಮನೆಯದೋ ಹೊರಗಿನದೋ ಎಂಬುದು ಈ ಎಂಟರಲ್ಲಿ ಪ್ರತ್ಯೇಕ ಅಂಶವಾಗಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ನಮ್ಮ ಮೆಚ್ಚಿನ ಜಾಗ ಯಾವುದೆಂದು ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ಖಾನಾವಳಿ ಎನ್ನುತ್ತೇವೆ. ಧಾರವಾಡದ ಬಸಪ್ಪನ ಖಾನಾವಳಿಯ ಹೆಸರು ಕೇಳದವರು ಈ ಭಾಗದಲ್ಲಿ ವಿರಳ. ಅದಲ್ಲದೆ ಎರಡೂ ಊರುಗಳ ಬಸ್ ನಿಲ್ದಾಣ, ಮಾರುಕಟ್ಟೆಗಳ ಸುತ್ತ 'ಲಿಂಗಾಯತ ಖಾನಾವಳಿ' ಎಂಬ ಫಲಕ ಹೊತ್ತ ಚಿಕ್ಕ ಚಿಕ್ಕ ಜಾಗಗಳಿವೆ. ಆ ಫಲಕ ಶಾಕಾಹಾರಕ್ಕೆ ಸಿಕ್ಕ ಭರವಸೆಯೆಂದು ಜನ ತಿಳಿಯುತ್ತಾರೆ. ನಾವು ಅದನ್ನು ಇನ್ನೊಂದು ಕಾರಣಕ್ಕೂ ನೆಚ್ಚುತ್ತೇವೆ. ಅಲ್ಲಿ ರೊಟ್ಟಿ ಬಡಿಯುವ ಸಪ್ಪಳ ಊಟದ ಮನೆಗೆ ಕೇಳಿಸುತ್ತದೆ. ಹೆಂಚಿನಿಂದ ನೇರವಾಗಿ ತಟ್ಟೆಗೆ ಬಂದ ಅನ್ನಕ್ಕೆ ಆಯುರ್ವೇದವು ಕೊಡುವ ಮನ್ನಣೆ ದೊಡ್ಡದು. ಬಿಸಿಯಾದುದು ರುಚಿಸುತ್ತದೆ, ಜಠರಾಗ್ನಿಯನ್ನು ಎಬ್ಬಿಸುತ್ತದೆ, ಬೇಗ ಜೀರ್ಣವಾಗುತ್ತದೆ, ವಾತವನ್ನು ಕೆಳಮುಖವಾಗಿ ಹರಿಸುತ್ತದೆ. ತಣ್ಣಗಾದುದನ್ನು ಮತ್ತೆ ಮತ್ತೆ ಕಾಯಿಸಿ ಬಡಿಸುವ ದೊಡ್ಡ ಹೋಟೆಲಿನ ಗ್ರೇವಿಗೆ ಈ ಗುಣವಿಲ್ಲ.

ತಟ್ಟೆಯನ್ನೊಮ್ಮೆ ನೋಡೋಣ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಹೆಸರುಕಾಳಿನದೋ ಮಡಿಕೆಕಾಳಿನದೋ ಪಲ್ಯ, ಒಮ್ಮೊಮ್ಮೆ ಝುಣಕ ಅಥವಾ ಪುಂಡಿಪಲ್ಯ, ಹಸಿಯ ಮೆಂತ್ಯಸೊಪ್ಪು, ಸವತೆಕಾಯಿ, ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಅಗಸೆ ಹಿಂಡಿ ಇಲ್ಲವೆ ಗುರೆಳ್ಳು ಹಿಂಡಿ, ಕೆಂಪು ರಂಜಕ, ಬಟ್ಟಲಲ್ಲಿ ಮೊಸರು, ಕೊನೆಗೆ ಅನ್ನ-ಸಾರು. ಇದರ ಕೂಡಿಕೆಯಲ್ಲಿ ಹಿಂದಿನವರ ಜಾಣತನ ಅಡಗಿದೆ. ಜೋಳ ರೂಕ್ಷ ಗುಣದ್ದು. ಬರಿಯ ರೊಟ್ಟಿ ತಿಂದರೆ ಒಳಗೆ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ. ಆ ರೂಕ್ಷತೆಗೆ ಎದುರಾಗಿಯೇ ಹಿಂಡಿಯ ಎಣ್ಣೆಕಾಳು, ಎಣ್ಣೆಗಾಯಿಯ ಜಿಡ್ಡು, ಬೆಣ್ಣೆ ಇವೆ. ಜೋಳ ಮತ್ತು ಕಾಳು ಒಂದಾದಾಗ ಪ್ರೋಟೀನಿನ ಕೊರತೆ ಪರಸ್ಪರ ತುಂಬಿಕೊಳ್ಳುತ್ತದೆಂದು ಇಂದಿನ ಪೋಷಣಶಾಸ್ತ್ರವೂ ಹೇಳುತ್ತದೆ. ಅಗಸೆಯಲ್ಲಿ ಹೃದಯಕ್ಕೆ ಹಿತವಾದ ಒಮೇಗಾ-3 ವರ್ಗದ ಕೊಬ್ಬಿನಾಮ್ಲವಿದೆ. ಆದುದರಿಂದ ಹಸಿ ತರಕಾರಿಯನ್ನು ಪಕ್ಕಕ್ಕೆ ಸರಿಸಿ ರೊಟ್ಟಿ-ರಂಜಕ ಮಾತ್ರ ಉಣ್ಣುವವರು ಖಾನಾವಳಿಯ ಊಟವನ್ನು ಅರ್ಧ ಉಂಡಂತೆಯೇ ಸರಿ. ಆದರೆ ಸೊಪ್ಪು, ಸವತೆಕಾಯಿಗಳು ತೊಳೆದ ನೀರು ಹೇಗಿದೆಯೋ ಹಾಗೆ. ಮಳೆಗಾಲದಲ್ಲಿ, ಕಾಮಾಲೆ, ವಾಂತಿಭೇದಿಗಳ ಸುದ್ದಿ ಊರಿನಲ್ಲಿದ್ದಾಗ, ಹಸಿಯದನ್ನು ಬಿಟ್ಟು ಬೇಯಿಸಿದ ಪಲ್ಯವನ್ನೇ ಇನ್ನೊಮ್ಮೆ ಕೇಳಿರಿ.

ಇಲ್ಲಿ ಒಂದು ಮಾತು ಪ್ರಾಸಂಗಿಕವಾಗಿ. ಈ ತಟ್ಟೆಯನ್ನು ಪುರಾತನವೆಂದು ಹೊಗಳುವವರು ಬಹಳ. ಆದರೆ ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ ಮೂರೂ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರು ಈ ನಾಡಿಗೆ ಬರುವ ಮುನ್ನ ಇಲ್ಲಿ ಇರಲಿಲ್ಲ. ಚರಕ-ಸುಶ್ರುತರಿಗೆ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಹೀಗಾಗಿ ಬ್ಯಾಡಗಿ ಮೆಣಸಿನಕಾಯಿಗೆ ಸಂಹಿತೆಯ ಶ್ಲೋಕ ಹುಡುಕಿ ಪ್ರಯೋಜನವಿಲ್ಲ. ಗುಣ ನೋಡಿ ನಿರ್ಣಯಿಸಬೇಕು. ಕಟು, ಉಷ್ಣ, ತೀಕ್ಷ್ಣ ಗುಣದ ದ್ರವ್ಯ ಪಿತ್ತವನ್ನು ಕೆರಳಿಸುತ್ತದೆ. ಎದೆಯುರಿ, ಹುಳಿತೇಗು, ಮೂಲವ್ಯಾಧಿ ಇರುವವರು ರಂಜಕವನ್ನು ಬಡಿಸುವ ಮೊದಲೇ ಬೇಡವೆನ್ನಬೇಕು. ತಟ್ಟೆಗೆ ಬಿದ್ದ ಮೇಲೆ ಬಿಡುವವರು ಕಡಿಮೆ, ಅನ್ನವನ್ನು ಪ್ರಸಾದವೆಂದು ಕಾಣುವ ನಮ್ಮ ಜನರಲ್ಲಿ ಇನ್ನೂ ಕಡಿಮೆ.

ಇನ್ನು ಪ್ರಮಾಣ. ಸಕ್ಕರೆ ಕಾಯಿಲೆಯವರಲ್ಲಿ ಬೇರೂರಿರುವ ಒಂದು ನಂಬಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. 'ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ' ಎಂಬ ಮಾತು ಸುಳ್ಳು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, 68 ಗ್ರಾಂ ಶರ್ಕರಪಿಷ್ಟ ಇವೆ. ನಾರು ಹೆಚ್ಚಿರುವುದರಿಂದ ಬಿಳಿ ಅನ್ನಕ್ಕಿಂತ ನಿಧಾನವಾಗಿ ಸಕ್ಕರೆಯಾಗುತ್ತದೆ, ನಿಜ. ಆದರೆ ಆಗದೇ ಇರುವುದಿಲ್ಲ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟೆಂದು ಹಿಡಿದರೂ ಮೂರು ರೊಟ್ಟಿಯಲ್ಲಿ ಸುಮಾರು 100 ಗ್ರಾಂ ಶರ್ಕರಪಿಷ್ಟ ಸೇರಿತು. ಅದರ ಮೇಲೆ ಅನ್ನ-ಸಾರು ಬಂದರೆ ಲೆಕ್ಕ ಎಲ್ಲಿಗೆ ಹೋಯಿತು? ರೊಟ್ಟಿಗೆ ಮಿತಿಯಿಲ್ಲದ ಖಾನಾವಳಿಗಳಲ್ಲಿ ಬಡಿಸುವವರು ಮನೆಯವರಂತೆ ಒತ್ತಾಯಿಸುತ್ತಾರೆ, "ಇನ್ನೊಂದು ಹಾಕಸ್ಕೊಳ್ರಿ ಅಜ್ಜಾರ" ಎನ್ನುತ್ತಾರೆ. ಆ ಪ್ರೀತಿಗೆ ಸೋಲದವರಾರು? ಆದುದರಿಂದ ಕೂರುವ ಮೊದಲೇ ನಿಶ್ಚಯಿಸಿಕೊಳ್ಳಿರಿ: ಎರಡು ರೊಟ್ಟಿ, ಪಲ್ಯ ಎರಡು ಪಾಲು, ಅನ್ನ ಬೇಕಿದ್ದರೆ ಒಂದು ರೊಟ್ಟಿ ಕಡಿಮೆ. ಹೊಟ್ಟೆಯ ಎರಡು ಭಾಗ ಗಟ್ಟಿ ಆಹಾರಕ್ಕೆ, ಒಂದು ಭಾಗ ದ್ರವಕ್ಕೆ, ಒಂದು ಭಾಗ ವಾಯು ಆಡಲಿಕ್ಕೆ ಎಂಬ ವಾಗ್ಭಟನ ಅಳತೆ ಇಂಥಲ್ಲಿ ಬಹಳ ಉಪಯುಕ್ತ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಹಿಂಡಿ, ಉಪ್ಪಿನಕಾಯಿ, ಹಪ್ಪಳಗಳಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಬೇಕು. ದಿನವೊಂದಕ್ಕೆ ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಒಂದು ಚಹಾ ಚಮಚದಷ್ಟು ಮಾತ್ರ.

ಮೊಸರಿನ ವಿಷಯದಲ್ಲಿ ಶಾಸ್ತ್ರ ಸ್ಪಷ್ಟವಾಗಿದೆ. ರಾತ್ರಿ ಮೊಸರು ಬೇಡ, ಬಿಸಿ ಮಾಡಿದ ಮೊಸರಂತೂ ಬೇಡವೇ ಬೇಡ. ಮಧ್ಯಾಹ್ನವಾದರೆ ಸ್ವಲ್ಪ ಆಗಬಹುದು. ಅದಕ್ಕಿಂತ, ನೀರು ಹಾಕಿ ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಎಷ್ಟೋ ಮೇಲು. ಅದು ಲಘು, ಅಗ್ನಿದೀಪಕ, ಗ್ರಹಣಿ ಮತ್ತು ಮೂಲವ್ಯಾಧಿಯವರಿಗೆ ಪಥ್ಯ. ಖಾನಾವಳಿಯಲ್ಲಿ ಮಜ್ಜಿಗೆ ಕೇಳಿದರೆ ಇಲ್ಲವೆನ್ನುವವರು ವಿರಳ.

ಹೊತ್ತು ಇಳಿದ ಮೇಲೆ ಹುಬ್ಬಳ್ಳಿಯ ದುರ್ಗದ ಬೈಲಿನ ಕಡೆ ಹೋದವರಿಗೆ ನಮ್ಮ ಈ ಉಪದೇಶವೆಲ್ಲ ಮರೆತುಹೋಗುವುದು ಸಹಜ. ಅಲ್ಲಿ ಗಿರಮಿಟ್ಟಿದೆ, ಪಕ್ಕದಲ್ಲಿ ಮಿರ್ಚಿ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಚುರುಮುರಿಗೆ ಉಳ್ಳಾಗಡ್ಡಿ-ಹುಣಸೆಹುಳಿಯ ಒಗ್ಗರಣೆ, ಪುಠಾಣಿ ಹಿಟ್ಟು, ಕೊತ್ತಂಬರಿ ಕಲಸಿದ ಗಿರಮಿಟ್ಟು ಲಘುವಾದ ತಿಂಡಿ. ಸಂಜೆಯ ಸಣ್ಣ ಹಸಿವಿಗೆ ಹೊಂದುತ್ತದೆ. ಮೇಲಿನ ಸೇವು ಬೇಡವೆಂದರೆ ಇನ್ನೂ ಒಳ್ಳೆಯದು. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಚುರುಮುರಿ ಬೇಗ ಸಕ್ಕರೆ ಏರಿಸುವ ಪದಾರ್ಥವೆಂಬ ಎಚ್ಚರವಿರಲಿ. ಅರ್ಧ ಪ್ಲೇಟು ಸಾಕು. ಮಿರ್ಚಿಯ ಕಥೆ ಬೇರೆ. ಕಡಲೆಹಿಟ್ಟು ಸ್ವತಃ ವಾತಕಾರಕ. ಅದಕ್ಕೆ ಸೋಡಾ ಸೇರಿ, ಎಣ್ಣೆಯಲ್ಲಿ ಮುಳುಗಿ, ಒಳಗೆ ಮೆಣಸಿನಕಾಯಿ ಬೇರೆ. ಎಣ್ಣೆಯ ವಿಷಯದಲ್ಲಿ ಸರಕಾರದ ನಿಯಮವೇ ಇದೆ: ಕರಿದು ಕರಿದು ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶಗಳ ಒಟ್ಟು ಪ್ರಮಾಣ ಶೇಕಡಾ 25 ದಾಟಿದರೆ ಅದನ್ನು ಬಳಸಕೂಡದು, ಈ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ನಾವು ಅಳೆಯಲಾರೆವು, ಆದರೆ ಕಣ್ಣು-ಮೂಗುಗಳಿವೆ. ಎಣ್ಣೆ ಕಪ್ಪಾಗಿದ್ದರೆ, ನೊರೆ ಕಟ್ಟಿ ಇಳಿಯದಿದ್ದರೆ, ಕಾಯುವ ಮೊದಲೇ ಹೊಗೆಯಾಡಿದರೆ, ಮೂಗಿಗೆ ಕಮಟು ವಾಸನೆ ಬಡಿದರೆ ಮುಂದಿನ ಗಾಡಿಗೆ ನಡೆಯಿರಿ. ಅಗ್ನಿ ಚೆನ್ನಾಗಿರುವ ತರುಣರು ಹೊಸ ಎಣ್ಣೆಯಲ್ಲಿ ಕರಿದ ಎರಡು ಮಿರ್ಚಿ ತಿಂದರೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಆರು ಗಂಟೆಗೆ ಮಿರ್ಚಿ ತಿಂದವರು ಎಂಟಕ್ಕೆ ಊಟಕ್ಕೆ ಕೂಡಬಾರದು. ಮೊದಲಿನದು ಜೀರ್ಣವಾಗುವ ಮುನ್ನ ಮತ್ತೆ ಉಣ್ಣುವುದೇ ಅಧ್ಯಶನ. ಪೇಟೆಗೆ ಬಂದವರನ್ನು ಬಾಧಿಸುವ ಹೊಟ್ಟೆನೋವು, ಅಜೀರ್ಣಗಳಲ್ಲಿ ದೊಡ್ಡ ಪಾಲು ಇದರದೇ ಎಂಬುದು ನಮ್ಮ ಚಿಕಿತ್ಸಾಲಯದ ಅನುಭವ. ಆ ರಾತ್ರಿ ಒಂದು ಲೋಟ ಮಜ್ಜಿಗೆಯೋ ಬಿಸಿ ಸಾರೋ ಸಾಕು.

ಬೆಳಗಿನ ಉಪಾಹಾರಕ್ಕೆ ಧಾರವಾಡದಲ್ಲಿ ಎಲ್.ಇ.ಎ. ಕ್ಯಾಂಟೀನಿನ ದೋಸೆ ಪ್ರಸಿದ್ಧ. ಎರಡೂ ಊರುಗಳಲ್ಲಿ ಉಡುಪಿ ಹೋಟೆಲುಗಳೂ ಬೇಕಾದಷ್ಟಿವೆ. ಆರೋಗ್ಯವಂತರು ದೋಸೆ ತಿನ್ನಲಿ. ಕಾಯಿಲೆಯವರಿಗೆ ಹಬೆಯಲ್ಲಿ ಬೆಂದ ಇಡ್ಲಿ ಲೇಸು, ವಡೆಯ ಬದಲು ಸಾಂಬಾರು ಹೆಚ್ಚು ಹಾಕಿಸಿಕೊಳ್ಳಬೇಕು. ಆದರೆ ಬೆಳಗಿನ ಹೊತ್ತಿನಲ್ಲಿ ನಿಜವಾದ ಅಪಾಯ ಇರುವುದು ತಿಂಡಿಯಲ್ಲಲ್ಲ, ತಿನ್ನದೇ ಇರುವುದರಲ್ಲಿ. ಖಾಲಿಹೊಟ್ಟೆಯ ರಕ್ತಪರೀಕ್ಷೆಗೆಂದು ಊರಿನಿಂದ ಮೊದಲ ಬಸ್ಸಿಗೆ ಹೊರಡುವವರು, ರೂಢಿಯಂತೆ ಸಕ್ಕರೆಯ ಗುಳಿಗೆಯನ್ನು ಮನೆಯಲ್ಲೇ ನುಂಗಿ ಬರುತ್ತಾರೆ. ಆಸ್ಪತ್ರೆಯ ಸರದಿಯಲ್ಲಿ ಹನ್ನೊಂದಾಗುತ್ತದೆ. ಬೆವರು, ನಡುಕ, ಕಣ್ಣು ಕತ್ತಲೆ, ಮಾತು ತೊದಲುವುದು ಶುರುವಾದರೆ ಅದು ರಕ್ತದ ಸಕ್ಕರೆ ಕುಸಿದ ಲಕ್ಷಣ. ತಡಮಾಡಿದರೆ ಪ್ರಾಣಕ್ಕೆ ಸಂಚಕಾರ. ಎಚ್ಚರವಿದ್ದು ನುಂಗಬಲ್ಲವರಿಗೆ ತಕ್ಷಣ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ, ಚೇತರಿಸಿಕೊಂಡ ಮೇಲೆ ಊಟ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ವೈದ್ಯರನ್ನು ಕೂಗಬೇಕು. ಪರೀಕ್ಷೆಯ ದಿನ ಗುಳಿಗೆ ಅಥವಾ ಇನ್ಸುಲಿನ್ ಯಾವಾಗ ತೆಗೆದುಕೊಳ್ಳಬೇಕೆಂದು ಹಿಂದಿನ ದಿನವೇ ತಮ್ಮ ವೈದ್ಯರನ್ನು ಕೇಳಿಡುವುದು ಕ್ಷೇಮ. ಊಟವಾದ ಎರಡು ತಾಸಿಗೆ ಮಾಡುವ ಪರೀಕ್ಷೆಯಿದ್ದಾಗ, ಫಲಿತಾಂಶ ಚೆನ್ನಾಗಿ ಬರಲೆಂದು ಬರೀ ಒಂದು ಇಡ್ಲಿ ತಿನ್ನುವವರೂ ಇದ್ದಾರೆ. ಅದರಿಂದ ಕಾಗದ ಚೆನ್ನಾಗಿ ಕಾಣುತ್ತದೆ, ಚಿಕಿತ್ಸೆ ತಪ್ಪುತ್ತದೆ. ನಿತ್ಯ ಉಣ್ಣುವಷ್ಟೇ ಉಂಡು, ಮೊದಲ ತುತ್ತಿನಿಂದ ಎರಡು ತಾಸು ಎಣಿಸಿರಿ.

ಧಾರವಾಡಕ್ಕೆ ಬಂದು ಪೇಢೆ ಒಯ್ಯದೆ ಹೋದರೆ ಮನೆಯಲ್ಲಿ ಮೊಮ್ಮಕ್ಕಳಿಗೆ ಉತ್ತರ ಹೇಳುವುದು ಕಷ್ಟ. ಉತ್ತರದ ಉನ್ನಾವ್ ಸೀಮೆಯಿಂದ ಬಂದು ನೆಲೆಸಿದ ಠಾಕೂರ್ ಮನೆತನ ಇದನ್ನು ಇಲ್ಲಿ ಬೆಳೆಸಿತು. ಲೈನ್ ಬಜಾರಿನ ಅವರ ಅಂಗಡಿಯ ಮುಂದಿನ ಸಾಲು ಇಂದಿಗೂ ಪ್ರಸಿದ್ಧ. ಖೋವಾವನ್ನು ಸಕ್ಕರೆಯೊಡನೆ ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಮೇಲೆ ಸಕ್ಕರೆ ಪುಡಿ ಸವರಿದ ಸಿಹಿ ಅದು. ಗುರು, ಸ್ನಿಗ್ಧ, ಕಫವರ್ಧಕ. ಕೃಶರಿಗೆ, ಬೆಳೆಯುವ ಮಕ್ಕಳಿಗೆ ಒಂದೆರಡು ಪುಷ್ಟಿಯೇ. ಹುಳಿಮೊಸರು ಉಂಡ ಬೆನ್ನಿಗೇ ಹಾಲಿನ ಈ ಸಿಹಿ ಬೇಡ, ಅದು ವಿರುದ್ಧಾಹಾರ. ಸಕ್ಕರೆ ಕುಸಿದಾಗ ಪೇಢೆ ಬಾಯಿಗಿಟ್ಟುಕೊಳ್ಳುವ ರೂಢಿಯೂ ಸರಿಯಲ್ಲ; ಅದರಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ, ಆಗ ಬೇಕಾದದ್ದು ಸಕ್ಕರೆ ನೀರು.

ಒಳರೋಗಿಯ ಜೊತೆ ಇರುವವರಿಗೆ ಕೊನೆಯದಾಗಿ ಒಂದು ಸೂಚನೆ. ರೋಗಿಗೆ ಊಟ ಒಯ್ಯುವ ಮೊದಲು ಏನು ಕೊಡಬಹುದೆಂದು ವಾರ್ಡಿನ ವೈದ್ಯರನ್ನು ಕೇಳಿರಿ. ಶಸ್ತ್ರಚಿಕಿತ್ಸೆಯ ಮುನ್ನ ಒಂದು ಗುಟುಕು ಚಹಾ ಸಹ ಅಪಾಯಕರ. ಅನುಮತಿ ಸಿಕ್ಕರೆ ಖಾನಾವಳಿಯಲ್ಲಿ ಒಗ್ಗರಣೆಯಿಲ್ಲದ ಬೇಳೆಯ ತಿಳಿ, ಮೆತ್ತನೆಯ ಅನ್ನ ಕೇಳಿ, ಸ್ವಚ್ಛ ಸ್ಟೀಲ್ ಡಬ್ಬಿಯಲ್ಲಿ ಬಿಸಿಯಾಗಿಯೇ ಒಯ್ಯಿರಿ. ಬಿಸಿ ಸಾರನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಬೇಡಿರಿ. ಎರಡು ತಾಸಿನೊಳಗೆ ಅದು ಮುಗಿಯಬೇಕು, ಉಳಿದದ್ದನ್ನು ರಾತ್ರಿಗೆ ಇಡಬಾರದು. ತಮಗಾಗಿ ನಾಲ್ಕು ಖಟಿ ರೊಟ್ಟಿ, ಒಂದಿಷ್ಟು ಅಗಸೆ ಹಿಂಡಿ ಕಟ್ಟಿಸಿಕೊಂಡಿರಿ. ಅವು ದಿನಗಟ್ಟಲೆ ಕೆಡುವುದಿಲ್ಲ. ನಡುರಾತ್ರಿ ಔಷಧಿಗೆ ಓಡಾಡಿ ಬಂದಾಗ ಖಾನಾವಳಿಗಳೆಲ್ಲ ಬಾಗಿಲು ಹಾಕಿರುತ್ತವೆ.