20 ಸಾವಿರ ಜೀನು, ಕೋಟಿಗಟ್ಟಲೆ ಆಂಟಿಬಾಡಿ: ಲೆಕ್ಕ ಹೇಗೆ ಸರಿಹೋಗ್ತದೆ?

ಇವತ್ತಿನ ಮಾತು ಒಂದು ಲೆಕ್ಕದಿಂದ ಶುರು. ನಮ್ಮಲ್ಲಿ ಪ್ರೋಟೀನ್ ಮಾಡುವ ಜೀನುಗಳು ಸುಮಾರು 20,000. ಆಂಟಿಬಾಡಿಗಳೋ ಕೋಟಿಗಟ್ಟಲೆ ಬಗೆ. ಒಂದೊಂದಕ್ಕೂ ಒಂದೊಂದು ಜೀನು ಇಡೋಕೆ ಜಾಗವೇ ಇಲ್ಲ. ಮತ್ತೆ ಎಲ್ಲಿಂದ ಬರ್ತವೆ?

1976ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸುಸುಮು ಟೊನೆಗಾವಾ ಮತ್ತು ನೊಬುಮಿಚಿ ಹೊಜುಮಿ ಇದಕ್ಕೆ ಉತ್ತರ ಕೊಟ್ಟರು. ಇಲಿಯ ಭ್ರೂಣದಲ್ಲಿ ದೂರದೂರ ಇದ್ದ ಜೀನ್ ತುಣುಕುಗಳು, ಆಂಟಿಬಾಡಿ ಮಾಡುವ ಕೋಶದಲ್ಲಿ ಹತ್ತಿರ ಬಂದಿದ್ದವು. ಅಂದರೆ ಡಿಎನ್‌ಎಯನ್ನೇ ಕತ್ತರಿಸಿ ಜೋಡಿಸಲಾಗಿತ್ತು! ಟೊನೆಗಾವಾಗೆ 1987ರಲ್ಲಿ ನೊಬೆಲ್ ಬಂತು.

ಕೆಲಸ ನಡೆಯೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಬೆಳೆಯುವ ಬಿ ಕೋಶ, ಆಂಟಿಬಾಡಿಯ ದೊಡ್ಡ ಸರಪಳಿಗಾಗಿ ಮೂರು ಗುಂಪಿನಿಂದ ಒಂದೊಂದು ತುಣುಕು ಆರಿಸ್ತದೆ: ‘ವಿ’ ಸುಮಾರು 40, ‘ಡಿ’ 23, ‘ಜೆ’ 6. ಗುಣಿಸಿದರೆ 5,520. ಚಿಕ್ಕ ಸರಪಳಿಗೆ ಸುಮಾರು 300 ಬಗೆ. ಎರಡೂ ಸೇರಿದರೆ 16 ಲಕ್ಷ ದಾಟ್ತದೆ.

ಅಸಲಿ ಮಜಾ ಜೋಡಣೆಯಲ್ಲಿದೆ. ‘ರ್‍ಯಾಗ್’ ಎಂಬ ಕಿಣ್ವ ಕತ್ತರಿಸಿದ ಮೇಲೆ, ಇನ್ನೊಂದು ಕಿಣ್ವ ಆ ತುದಿಗಳಿಗೆ ಮನಸ್ಸಿಗೆ ಬಂದಷ್ಟು ಅಕ್ಷರ ಸೇರಿಸ್ತದೆ. ಲಕ್ಷ ಇದ್ದದ್ದು ಕೋಟಿಕೋಟಿ ಆಗೋದು ಇಲ್ಲೇ. ಇದಕ್ಕೆ ಬೆಲೆಯೂ ಇದೆ. ಡಿಎನ್‌ಎಯನ್ನು ಓದೋದು ಮೂರು ಮೂರು ಅಕ್ಷರವಾಗಿ. ಹಾಗಾಗಿ ಮೂರರಲ್ಲಿ ಸುಮಾರು ಎರಡು ಜೋಡಣೆ ಸಾಲು ತಪ್ಪಿ ಹಾಳಾಗ್ತವೆ. ಕೋಶಕ್ಕೆ ಇನ್ನೊಂದು ಕ್ರೋಮೋಸೋಮ್ ಮೇಲೆ ಮತ್ತೊಂದು ಅವಕಾಶ ಇದೆ. ಅದೂ ಕೆಟ್ಟರೆ ಕೋಶ ಸಾಯ್ತದೆ.

ನಮ್ಮಂಥ ಪ್ರೋಗ್ರಾಮರ್‌ಗಳ ಮಾತಲ್ಲಿ ಹೇಳೋದಾದರೆ, ದೇಹ ಉತ್ತರಗಳನ್ನು ಸ್ಟೋರ್ ಮಾಡಿಲ್ಲ. ಉತ್ತರ ಹುಟ್ಟಿಸುವ ಕೋಡ್ ಇಟ್ಟುಕೊಂಡಿದೆ, ಜೊತೆಗೆ ಟೆಸ್ಟಿಂಗ್ ಕೂಡ.

ಆದರೆ ಕತ್ತರಿ ಕತ್ತರಿಯೇ. ರ್‍ಯಾಗ್ ಪೂರ್ತಿ ಕೆಟ್ಟ ಮಗುವಿಗೆ ಬಿ ಕೋಶವೂ ಇಲ್ಲ, ಟಿ ಕೋಶವೂ ಇಲ್ಲ. ಸಣ್ಣ ಸೋಂಕೂ ಪ್ರಾಣ ತೆಗೆಯಬಹುದು. ಅದೇ ರ್‍ಯಾಗ್ ತಪ್ಪು ಜಾಗದಲ್ಲಿ ಕತ್ತರಿಸಿದರೆ? ‘ಬಿಸಿಎಲ್-2’ ಜೀನು ಆಂಟಿಬಾಡಿ ಜೀನಿನ ಪಕ್ಕ ಹೋಗಿ ಕೂರಬಹುದು. ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ ಇದು ಸಾಮಾನ್ಯ. ಆ ಜಾಗದಲ್ಲಿ ಡಿಎನ್‌ಎ ವಿಚಿತ್ರ ಆಕಾರ ತಾಳ್ತದೆ, ಅದನ್ನೇ ರ್‍ಯಾಗ್ ಕತ್ತರಿಸ್ತದೆ ಅಂತ 2004ರಲ್ಲಿ ಅಮೆರಿಕದ ಮೈಕೆಲ್ ಲೀಬರ್ ಪ್ರಯೋಗಾಲಯದಿಂದ ತೋರಿಸಿದವರಲ್ಲಿ ಸತೀಶ್ ರಾಘವನ್ ಒಬ್ಬರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸ ಮುಂದುವರಿಸಿದರು. 2013ರ ಭಟ್ನಾಗರ್ ಪ್ರಶಸ್ತಿ ಪಡೆದರು. ಹೆದರಬೇಡಿ: ಆರೋಗ್ಯವಂತರ ರಕ್ತದಲ್ಲೂ ಇಂಥ ಕೆಲವು ಕೋಶ ಸಿಗ್ತವೆ. ಕ್ಯಾನ್ಸರ್ ಆಗಲು ಇನ್ನೂ ಹಲವು ತಪ್ಪುಗಳು ಸೇರಬೇಕು.

ಕೊನೆಯದಾಗಿ ಒಂದು ಮಾತು. ನಾನಿರುವ ಪಟಾನ್‌ಚೆರುವಿನಿಂದ ಹೊರವರ್ತುಲ ರಸ್ತೆ ಹಿಡಿದರೆ ಶಾಮೀರ್‌ಪೇಟ್ ಕಡೆ ಜೀನೋಮ್ ವ್ಯಾಲಿ ಸಿಗ್ತದೆ. ಕೋವ್ಯಾಕ್ಸಿನ್ ತಯಾರಾದದ್ದು ಅಲ್ಲೇ. ಲಸಿಕೆ ನಮಗೆ ಆಂಟಿಬಾಡಿ ಕೊಡಲಿಲ್ಲ. ಕೊರೊನಾ ಹೆಸರು ಕೇಳುವ ಮೊದಲೇ, ಅದಕ್ಕೆ ಒಂದಿಷ್ಟು ಹೊಂದುವ ಕೋಶಗಳು ನಮ್ಮ ಮಜ್ಜೆಯಲ್ಲಿ ಹುಟ್ಟಿದ್ದವು. ಲಸಿಕೆ ಅವನ್ನು ಹುಡುಕಿ ಎಬ್ಬಿಸಿತು, ಅಷ್ಟೇ. ಎದ್ದ ಕೋಶ ತನ್ನ ಆಂಟಿಬಾಡಿಯನ್ನು ಇನ್ನಷ್ಟು ಚೂಪು ಮಾಡೋದು ಹೇಗೆ ಅನ್ನೋದು ಮುಂದಿನ ಮಾತಿಗೆ. ಸಿಗೋಣ.