ಉದ್ದಕ್ಕೆ ಗಜಕಡ್ಡಿ, ತೂಕಕ್ಕೆ ತಕ್ಕಡಿಯೇ ಇಲ್ಲ

ಪೋರ್ಷೆ ಕಂಪನಿಯ 911 ಕಾರು 1964ರಲ್ಲಿ ಮಾರುಕಟ್ಟೆಗೆ ಬಂದಾಗ ಸುಮಾರು 1,080 ಕೆ.ಜಿ. ತೂಗುತ್ತಿತ್ತು, ಅಗಲ 1.61 ಮೀಟರ್. ಇವತ್ತು ಅದೇ ಹೆಸರಿನಲ್ಲಿ ಮಾರಾಟವಾಗುವ ಕಾರಿನ ತೂಕ ಸುಮಾರು 1,500 ಕೆ.ಜಿ., ಅಗಲ 1.85 ಮೀಟರ್. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 810 ಕೆ.ಜಿ. ಇತ್ತು, 2025ರಲ್ಲಿ ಭಾರತಕ್ಕೆ ಆಮದಾದ ಅದರ ಎಂಟನೇ ಪೀಳಿಗೆಯದ್ದು ಸುಮಾರು 1,450 ಕೆ.ಜಿ. ಬಿಎಂಡಬ್ಲ್ಯು ಎಂ5 ಕಥೆ ಇನ್ನೂ ಭಾರ: 1985ರಲ್ಲಿ 1,430 ಕೆ.ಜಿ. ಆಸುಪಾಸಿನಲ್ಲಿದ್ದದ್ದು 2024ರ ಹೊತ್ತಿಗೆ 2,435 ಕೆ.ಜಿ. ಮುಟ್ಟಿತು. ಹಗುರ ಮೈ, ಚುರುಕು ತಿರುವು ಎಂಬುದಕ್ಕೇ ಹೆಸರಾದ ಕಾರುಗಳು ಇವು. ಹೀಗೆ ಮೈ ಬೆಳೆಸಿಕೊಂಡದ್ದು ತಂತ್ರಜ್ಞಾನದ ಅನಿವಾರ್ಯ ಫಲ ಎಂದು ಹಲವರು ಒಪ್ಪಿಕೊಂಡುಬಿಟ್ಟಿದ್ದಾರೆ. ಲೆಕ್ಕವನ್ನು ಬಿಡಿಸಿ ನೋಡಿದರೆ ಹಾಗೆ ಕಾಣುವುದಿಲ್ಲ. ಕಾರಿನ ಯಾವ ಅಳತೆಗೆ ಸರ್ಕಾರ ಗೆರೆ ಎಳೆಯಿತೋ ಆ ಅಳತೆ ಅಲ್ಲಿಗೇ ನಿಂತಿದೆ. ಗೆರೆ ಇಲ್ಲದ ಕಡೆಗೆಲ್ಲ ಕಾರು ಉಬ್ಬಿದೆ.

ಹಗುರ ಕಾರಿನ ಪ್ರಯೋಗ ಬೆಂಗಳೂರಿಗೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಸ್ಯಾನ್ ಮೋಟರ್ಸ್ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ತಂದಿತು. ಫೈಬರ್ ಬಾಡಿ, ರೆನೋದ 1.2 ಲೀಟರ್ ಎಂಜಿನ್, ಸುಮಾರು 60 ಅಶ್ವಶಕ್ತಿ. ಅಷ್ಟು ಸಣ್ಣ ಎಂಜಿನ್ನಿನಿಂದ ಚುರುಕು ತೆಗೆಯಬೇಕಾದರೆ ಮೈ ಹಗುರವಿರಬೇಕು ಎಂಬುದು ಅದರ ಹಿಂದಿನ ತರ್ಕ. 2001ರಲ್ಲಿ ಹೊಸೂರು ರಸ್ತೆಯ ಬೊಮ್ಮಸಂದ್ರದಿಂದ ‘ರೇವಾ’ ಹೊರಬಂತು. ಚೇತನ್ ಮೈನಿ ರೂಪಿಸಿದ ಈ ವಿದ್ಯುತ್ ಕಾರು 2.64 ಮೀಟರ್ ಉದ್ದ, 1.32 ಮೀಟರ್ ಅಗಲ. ಸೀಸದ ಬ್ಯಾಟರಿಗಳೂ ಸೇರಿ ತೂಕ ಏಳುನೂರು ಕೆ.ಜಿ. ಆಸುಪಾಸು. ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಓಡುತ್ತದೆ ಎಂಬುದು ಕಂಪನಿಯ ಮಾತಾಗಿತ್ತು. 2010ರಲ್ಲಿ ರೇವಾ ಮಹೀಂದ್ರದ ಪಾಲಾಯಿತು. ಅದೇ ಮಹೀಂದ್ರ 2024ರಲ್ಲಿ ಸ್ಪೋರ್ಟಿ ಕಾರೆಂದು ಬಿಡುಗಡೆ ಮಾಡಿದ ವಿದ್ಯುತ್ ವಾಹನ ಬಿಇ 6ರ ಉದ್ದ 4.37 ಮೀಟರ್, ಅಗಲ 1.9 ಮೀಟರ್. ಒಂದು ಕಾರಿನ ಅಗಲದಲ್ಲಿ ಈಗ ಹೆಚ್ಚುಕಡಿಮೆ ಒಂದೂವರೆ ರೇವಾ ಹಿಡಿಸುತ್ತದೆ.

ತೂಕ ಏರುವುದು ಸರಪಳಿಯಂತೆ. ಕೊಳ್ಳುವವರಿಗೆ ಪಿಕಪ್ಪೂ ಬೇಕು, ಸನ್‌ರೂಫೂ ಬೇಕು. ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ, ದೊಡ್ಡ ಪರದೆ, ಹೊರಗಿನ ಸದ್ದು ಕೇಳದ ಗಾಜು ಎಲ್ಲವೂ ಬೇಕು. ಇವೆಲ್ಲ ಸೇರಿ ನೂರಿನ್ನೂರು ಕೆ.ಜಿ. ಏರಿತು ಎನ್ನಿ. ಆ ಭಾರವನ್ನು ನಿಲ್ಲಿಸಲು ಬ್ರೇಕಿನ ಡಿಸ್ಕ್ ದೊಡ್ಡದಾಗಬೇಕು. ದೊಡ್ಡ ಡಿಸ್ಕ್ ಹಿಡಿಸಲು ಚಕ್ರ ದೊಡ್ಡದಾಗಬೇಕು, ಚಕ್ರ ಹೊರಲು ಸಸ್ಪೆನ್ಷನ್ ಗಟ್ಟಿಯಾಗಬೇಕು, ಇಷ್ಟನ್ನೂ ಎಳೆಯಲು ಎಂಜಿನ್ ಹಿಗ್ಗಬೇಕು. ಪ್ರತಿಯೊಂದೂ ಮತ್ತಷ್ಟು ತೂಕವನ್ನೇ ತರುತ್ತದೆ. ಎಂಜಿನ್ನಿನ ಬಲ ಏರಿದ್ದರಿಂದ ಚಾಲಕನಿಗೆ ಈ ಭಾರ ತಿಳಿಯುವುದಿಲ್ಲ. ಆದರೆ ಆ ಮರೆಮಾಚುವಿಕೆಗೂ ಮಿತಿಯುಂಟು. 2017ರ ಎಂ5ಗೆ 600 ಅಶ್ವಶಕ್ತಿ ಇತ್ತು. ನಿಂತಲ್ಲಿಂದ ನೂರು ಕಿ.ಮೀ. ವೇಗ ಮುಟ್ಟಲು ಅದಕ್ಕೆ 3.4 ಸೆಕೆಂಡು ಸಾಕಿತ್ತು. ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ, ಮೋಟರು ಸೇರಿಸಿಕೊಂಡ 2024ರ ಎಂ5ಗೆ 727 ಅಶ್ವಶಕ್ತಿ ಇದ್ದರೂ ಕಂಪನಿಯೇ ಹೇಳುವ ಸಮಯ 3.5 ಸೆಕೆಂಡು. ಹೆಚ್ಚಿಗೆ ಬಂದ ನೂರಿಪ್ಪತ್ತೇಳು ಕುದುರೆಗಳ ದುಡಿಮೆಯನ್ನೆಲ್ಲ ಹೆಚ್ಚಿಗೆ ಬಂದ ತೂಕವೇ ತಿಂದುಹಾಕಿತು.

ಕಾರು ಹಗುರವಿರಲಿ ಎಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಸುರಕ್ಷತೆಯದು, ಮತ್ತು ಅದು ಗಟ್ಟಿಯಾದ ಆಕ್ಷೇಪ. ಅದಕ್ಕೆ ರೇವಾವೇ ಸಾಕ್ಷಿ. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ರೇವಾವನ್ನು ಅಲ್ಲಿನ ಕಾನೂನು ಕಾರೆಂದೇ ಪರಿಗಣಿಸದೆ ಕ್ವಾಡ್ರಿಸೈಕಲ್ ವರ್ಗಕ್ಕೆ ಸೇರಿಸಿತ್ತು. ಹಾಗಾಗಿ ಕಾರುಗಳಿಗಿರುವ ಅಪಘಾತ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ‘ಟಾಪ್ ಗೇರ್’ ಪತ್ರಿಕೆ ಮಾಡಿಸಿದ ಪರೀಕ್ಷೆಯಲ್ಲಿ ಒಳಗಿದ್ದವರ ಜೀವಕ್ಕೇ ಅಪಾಯವಾಗುವಂಥ ಫಲಿತಾಂಶ ಬಂತು. ಬರೀ ಹಗುರವಾಗಿದ್ದರೆ ಸಾಲದು ಎಂಬುದನ್ನು ಅದು ತೋರಿಸಿತು. ಆದರೆ ಸುರಕ್ಷತೆಗೆ ಟನ್ನುಗಟ್ಟಲೆ ತೂಕವೇ ಬೇಕು ಎನ್ನುವ ಮಾತು ಇದರಿಂದ ಸಿದ್ಧವಾಗುವುದಿಲ್ಲ. 1989ರಲ್ಲಿ ಸುಮಾರು 950 ಕೆ.ಜಿ. ಇದ್ದ ಮಾಜ್ದಾದ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರು 2015ರ ನಾಲ್ಕನೇ ಪೀಳಿಗೆಯಲ್ಲಿ ಸಾವಿರ ಕೆ.ಜಿ. ಆಸುಪಾಸಿನಲ್ಲಿದೆ. ತನ್ನ ಹಿಂದಿನ ಪೀಳಿಗೆಗಿಂತ ಅದು ಹಗುರವೂ ಆಗಿದೆ. ಏರ್‌ಬ್ಯಾಗ್, ಎಬಿಎಸ್ ಎಲ್ಲವೂ ಅದರಲ್ಲಿವೆ. ಯೂರೋಪಿನ ಅಪಘಾತ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಪಡೆದಿದೆ. ಕಾಲು ಶತಮಾನದ ಸುರಕ್ಷತೆಯ ನಿಯಮಗಳಿಗೆಲ್ಲ ಅದು ತೆತ್ತದ್ದು ಐವತ್ತರಿಂದ ನೂರು ಕೆ.ಜಿ. ಅಷ್ಟೆ. ಎಂ5 ಏರಿಸಿಕೊಂಡ ಸಾವಿರ ಕೆ.ಜಿ.ಯ ಲೆಕ್ಕವನ್ನೆಲ್ಲ ಸುರಕ್ಷತೆಯ ಖಾತೆಗೆ ಬರೆಯಲಾಗದು.

ಸುರಕ್ಷತೆ ಯಾರದು ಎಂಬುದನ್ನೂ ಕೇಳಬೇಕು. ಸ್ಟಾರ್ ರೇಟಿಂಗ್ ಮುಖ್ಯವಾಗಿ ಲೆಕ್ಕಹಾಕುವುದು ಕಾರಿನ ಒಳಗಿರುವವರ ಗತಿಯನ್ನು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಶೇ. 19ಕ್ಕೂ ಹೆಚ್ಚು ಮಂದಿ ಕಾಲ್ನಡಿಗೆಯವರು. ಅದೇ ವೇಗದಲ್ಲಿ ಬರುವ ಕಾರಿನ ತೂಕ ಎರಡು ಪಟ್ಟಾದರೆ ಅದು ಹೊತ್ತು ತರುವ ಶಕ್ತಿಯೂ ಎರಡು ಪಟ್ಟಾಗುತ್ತದೆ. ಎರಡು ಕಾರುಗಳು ಗುದ್ದಿಕೊಂಡಾಗ ಭಾರದ ಕಾರಿನವರು ಪಡೆಯುವ ರಕ್ಷಣೆಗೆ ಹಗುರ ಕಾರಿನವರು ಬೆಲೆ ತೆರುತ್ತಾರೆ. ಹೀಗೆ ಒಬ್ಬರನ್ನು ನೋಡಿ ಒಬ್ಬರು ದೊಡ್ಡ ಗಾಡಿ ಕೊಳ್ಳುತ್ತ ಹೋದರೆ ಯಾರ ಸುರಕ್ಷತೆಯೂ ಹೆಚ್ಚುವುದಿಲ್ಲ. ಸ್ಕೂಟರಿನವರ ಅಪಾಯ ಮಾತ್ರ ಹೆಚ್ಚುತ್ತದೆ.

ನಿಯಮ ಕಾರನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ಭಾರತದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2006ರ ಕೇಂದ್ರ ಬಜೆಟ್‌ನಲ್ಲಿ ನಾಲ್ಕು ಮೀಟರ್ ಮೀರದ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. 2008ರಲ್ಲಿ 4.16 ಮೀಟರ್ ಉದ್ದವಿದ್ದ ಮಾರುತಿ ಡಿಜೈರ್ 2012ರಲ್ಲಿ ಡಿಕ್ಕಿ ಕುಗ್ಗಿಸಿಕೊಂಡು 3.995 ಮೀಟರಿಗೆ ಬಂದು ನಿಂತಿತು. ಕಂಪನಿಗಳೆಲ್ಲ ಐದು ಮಿಲಿಮೀಟರ್ ಉಳಿಸಿ ಕಾರು ಕಟ್ಟುವುದನ್ನು ಕಲಿತವು. 2025ರ ಸೆಪ್ಟೆಂಬರಿನಲ್ಲಿ ಬದಲಾದ ಜಿಎಸ್‌ಟಿಯೂ ಇದೇ ಗೆರೆಯನ್ನು ಉಳಿಸಿಕೊಂಡಿದೆ: ಗೆರೆಯ ಒಳಗಿದ್ದರೆ ಶೇ. 18, ಹೊರಗಾದರೆ ಶೇ. 40. ಆದರೆ ಅಗಲಕ್ಕೆ, ತೂಕಕ್ಕೆ ಯಾವ ಗೆರೆಯೂ ಇಲ್ಲ. ಹೀಗಾಗಿ ಮಾರುತಿ 800ರ ಅಗಲ 1.44 ಮೀಟರ್ ಇದ್ದರೆ, ತೆರಿಗೆಯ ಕಣ್ಣಿಗೆ ಇವತ್ತಿಗೂ ‘ಸಣ್ಣ ಕಾರು’ ಎನಿಸಿಕೊಂಡ ಟಾಟಾ ನೆಕ್ಸಾನ್‌ನ ಅಗಲ 1.8 ಮೀಟರ್. ಇಂಧನ ದಕ್ಷತೆಯ ನಿಯಮವಂತೂ ತೂಕವನ್ನು ತಡೆಯುವ ಬದಲು ಅದಕ್ಕೆ ರಿಯಾಯಿತಿ ಕೊಡುತ್ತದೆ: ಕಂಪನಿ ಮಾರುವ ಕಾರುಗಳ ಸರಾಸರಿ ತೂಕ ಏರಿದಷ್ಟೂ ಅದು ಮುಟ್ಟಬೇಕಾದ ಗುರಿ ಸಡಿಲವಾಗುತ್ತದೆ.

ಅಗಲದಲ್ಲಿ ಏರಿದ ಈ ಮಿಲಿಮೀಟರುಗಳು ಬೀದಿಯಲ್ಲಿ ಏನಾಗುತ್ತವೆ ಎಂಬುದಕ್ಕೆ ಬೆಂಗಳೂರಿನ ಸಿಂಗಸಂದ್ರದಂಥ ಊರಿನ ಲೆಕ್ಕ ಹಿಡಿಯೋಣ. ಮೇಲೆ 2010ರಿಂದ ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ರಸ್ತೆ, ಕೆಳಗೆ ಹೊಸೂರು ರಸ್ತೆ. ಒಳಗೆ ಹೋದರೆ ಹಳ್ಳಿಯ ಹಳೇ ಬೀದಿಗಳು, ಸೈಟು ಬಿದ್ದು ಬೆಳೆದ ಬಡಾವಣೆಗಳು. ಇಪ್ಪತ್ತು ಅಡಿ ಅಂದರೆ ಸುಮಾರು 6.1 ಮೀಟರಿನ ಬೀದಿಯ ಎರಡೂ ಬದಿಗೆ ಮಾರುತಿ 800 ನಿಲ್ಲಿಸಿದರೆ ನಡುವೆ 3.2 ಮೀಟರ್ ಉಳಿಯುತ್ತದೆ. ನೀರಿನ ಟ್ಯಾಂಕರ್ ನಿರಾತಂಕವಾಗಿ ಹೋಗುತ್ತದೆ. ಅದೇ ಜಾಗದಲ್ಲಿ 1.9 ಮೀಟರ್ ಅಗಲದ ಎರಡು ಕಾರುಗಳಿದ್ದರೆ ಉಳಿಯುವುದು 2.3 ಮೀಟರ್, ಟ್ಯಾಂಕರೂ ಸಿಕ್ಕಿಕೊಳ್ಳುತ್ತದೆ, ಆಂಬುಲೆನ್ಸೂ ತಡವರಿಸುತ್ತದೆ. ಕಾರುಗಳ ಸಂಖ್ಯೆ ಒಂದೂ ಏರದೆ ಬೀದಿ ತುಂಬಿಹೋಯಿತು. ರಸ್ತೆ ಅಗಲಿಸಲು ಕೋಟಿಗಟ್ಟಲೆ ಪರಿಹಾರ ಕೊಡಬೇಕಾದ ಊರಿನಲ್ಲಿ, ಕಾರಿನ ಅಗಲ ಪುಕ್ಕಟೆಯಾಗಿ ನುಂಗಿದ ಜಾಗವನ್ನು ಯಾರೂ ಎಣಿಸುತ್ತಿಲ್ಲ.

ನಮ್ಮ ಗುಂಡಿ ರಸ್ತೆಗಳಿಗೆ ದೊಡ್ಡ ಗಾಡಿಯೇ ಸರಿ ಎನ್ನುವವರಿದ್ದಾರೆ. ಗುಂಡಿ ದಾಟಿಸುವುದು ನೆಲದಿಂದ ಕಾರಿನ ತಳಕ್ಕಿರುವ ಎತ್ತರ ಮತ್ತು ಒಳ್ಳೆಯ ಸಸ್ಪೆನ್ಷನ್; ಅದಕ್ಕೆ ಎರಡು ಟನ್ ಬೇಕಿಲ್ಲ. ವಿದ್ಯುತ್ ಕಾರಿಗೆ ಬ್ಯಾಟರಿಯ ಭಾರ ತಪ್ಪದು ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂಬುದು ನಮ್ಮ ಆಯ್ಕೆ. ಸಿಂಗಸಂದ್ರದಿಂದ ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಹತ್ತು ಕಿ.ಮೀ. ಕೂಡ ಇಲ್ಲ, 2025ರ ಆಗಸ್ಟಿನಿಂದ ಹಳದಿ ಮೆಟ್ರೊವೂ ಆ ದಾರಿಯಲ್ಲಿದೆ. ವರ್ಷಕ್ಕೆರಡು ಬಾರಿ ಊರಿಗೆ ಹೋಗಿಬರುವುದಕ್ಕೆಂದು ದಿನವೂ ನಾನೂರು ಐನೂರು ಕಿ.ಮೀ.ಗಾಗುವ ಬ್ಯಾಟರಿ ಹೊತ್ತು ತಿರುಗುವುದು, ಹಬ್ಬದಡುಗೆಯ ಕೊಪ್ಪರಿಗೆಯಲ್ಲಿ ದಿನಾ ಕಾಫಿ ಕಾಯಿಸಿದಂತೆ. ದುಡ್ಡು ಕೊಟ್ಟು ಕೊಳ್ಳುವವರ ಇಷ್ಟ ಎಂಬ ಮಾತು ಉಳಿಯಿತು. ಇಷ್ಟಕ್ಕೆ ಅಡ್ಡಿಯಿಲ್ಲ, ಊರಿನ ಬೀದಿ ಮಾತ್ರ ಆ ದುಡ್ಡಿನಲ್ಲಿ ಸೇರಿಲ್ಲ.

ಬೇರೆಯವರು ಈ ಲೆಕ್ಕ ಶುರುಮಾಡಿದ್ದಾರೆ. ಜಪಾನಿನ ‘ಕೇ’ ಕಾರುಗಳು ದಶಕಗಳಿಂದ ತೆರಿಗೆ ರಿಯಾಯಿತಿ ಪಡೆಯುತ್ತಿವೆ. ಅಲ್ಲಿ ಉದ್ದಕ್ಕೆ 3.4 ಮೀಟರ್ ಮಿತಿಯಿದ್ದಂತೆ ಅಗಲಕ್ಕೂ 1.48 ಮೀಟರ್ ಮಿತಿಯಿದೆ, ಕಾರುಗಳು ಅದರೊಳಗೇ ಉಳಿದಿವೆ. ಫ್ರಾನ್ಸ್ 2022ರಲ್ಲಿ 1,800 ಕೆ.ಜಿ. ಮೀರಿದ ಹೊಸ ಕಾರುಗಳ ಮೇಲೆ ತೂಕದ ತೆರಿಗೆ ಹೇರಿ, 2024ರಲ್ಲಿ ಆ ಗೆರೆಯನ್ನು 1,600ಕ್ಕೆ ಇಳಿಸಿತು. ಅದೇ ವರ್ಷ ಪ್ಯಾರಿಸ್ ನಗರ ಹೊರಗಿನಿಂದ ಬರುವವರ ಭಾರದ ಕಾರುಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಿತು. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ ನಿಂತಿರುವುದು ಬೆಲೆಯ ಮೇಲೆ. ಅದರೊಳಗೆ ತೂಕ ಮತ್ತು ಅಗಲಕ್ಕೂ ಒಂದು ಪಾಲು ಸೇರಿಸುವುದು ಕಷ್ಟದ ಕೆಲಸವಲ್ಲ. ಎರಡೂ ಅಂಕಿಗಳು ಕಂಪನಿಗಳ ಬಳಿ ಇದ್ದೇ ಇವೆ. ಹೊಸೂರು ರಸ್ತೆಯ ಆಡುಗೋಡಿಯಲ್ಲಿ ಬಾಷ್, ವೈಟ್‌ಫೀಲ್ಡಿನಲ್ಲಿ ಮರ್ಸಿಡಿಸ್‌ನ ಸಂಶೋಧನಾ ಕೇಂದ್ರ ಇರುವ ನಗರದಲ್ಲಿ ಹಗುರ ಕಾರು ಕಟ್ಟಬಲ್ಲ ಎಂಜಿನಿಯರುಗಳಿಗೆ ಬರವಿಲ್ಲ. ನಾಲ್ಕು ಮೀಟರಿನ ಗೆರೆ ಕಂಡೊಡನೆ ಐದು ಮಿಲಿಮೀಟರ್ ಉಳಿಸಿ ಕಾರು ಕಟ್ಟಿದ ಉದ್ಯಮಕ್ಕೆ, ಕೆ.ಜಿ.ಗೂ ಬೆಲೆ ಬಿದ್ದ ದಿನ ತೂಕ ಇಳಿಸುವ ದಾರಿ ತಾನಾಗಿ ಹೊಳೆಯುತ್ತದೆ.